ಮುಖವನ್ನು ಹೆರೆದು ಹುಡುಕುವುದಾದರೆ: ಕೋಲ್ಡ್ ವ್ಯಾಕ್ಸ್, ಬರಿಯ ತೈಲವರ್ಣ, ಅಕ್ರಿಲಿಕ್, ಬಿಸಿಮೇಣ

ಅರೆ ಅಮೂರ್ತ ಭಾವಚಿತ್ರಕ್ಕೆ ಯಾವ ಮಾಧ್ಯಮ ಒಳ್ಳೆಯದು ಎಂದು ಕೇಳುವವರಿಗೆ ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ನೀವು ಮುಖವನ್ನು ಹಚ್ಚುತ್ತಾ ಕಂಡುಕೊಳ್ಳುವವರೋ, ತೆಗೆಯುತ್ತಾ ಕಂಡುಕೊಳ್ಳುವವರೋ? ಹೆಚ್ಚಿನವರು ಇದನ್ನು ಯೋಚಿಸಿರುವುದಿಲ್ಲ. ಮೊಬೈಲಿನಲ್ಲಿ ಯಾರದೋ ಚಿತ್ರ ನೋಡಿರುತ್ತಾರೆ. ಅರ್ಧ ಮುಖ ಮಬ್ಬಿನಲ್ಲಿ ಕರಗಿರುತ್ತದೆ, ಕೆನ್ನೆಯ ಗೀರಿನೊಳಗಿಂದ ಕೆಳಪದರದ ನೀಲಿ ಇಣುಕುತ್ತಿರುತ್ತದೆ, ಕೆಳಗೆ ‘ತೈಲವರ್ಣ ಮತ್ತು ಕೋಲ್ಡ್ ವ್ಯಾಕ್ಸ್’ ಎಂದು ಬರೆದಿರುತ್ತದೆ. ಡಬ್ಬಿ ತರಿಸಿಬಿಡೋಣ ಎನ್ನಿಸುತ್ತದೆ. ಬೆಲೆ ನೋಡಿದಾಗ ಅನುಮಾನ ಹುಟ್ಟುತ್ತದೆ: ಇದು ಮೈಸೂರಿನ ಬಿಸಿಲಿಗೆ ನಿಲ್ಲುತ್ತದೆಯೇ, ಮನೆಯಲ್ಲೇ ಮಾಡಿಕೊಳ್ಳಬಹುದೇ, ಅಕ್ರಿಲಿಕ್ಕಿನಲ್ಲೇ ಇದೇ ಪರಿಣಾಮ ತರಲಾಗದೇ?

ಕೋಲ್ಡ್ ವ್ಯಾಕ್ಸ್ ಎಂದರೆ ಜೇನುಮೇಣವನ್ನು ದ್ರಾವಕದಲ್ಲಿ ಕರಗಿಸಿ ಮಾಡಿದ ಪೇಸ್ಟ್. ಕೆಲವದರಲ್ಲಿ ತುಸು ರಾಳವೂ ಇರುತ್ತದೆ. ಹದ ಮೆತ್ತನೆಯ ಬೆಣ್ಣೆಯದು. ಬಳಸುವಾಗ ಕಾಯಿಸಬೇಕಿಲ್ಲ, ತೈಲವರ್ಣದೊಂದಿಗೆ ನೈಫಿನಲ್ಲಿ ಕಲೆಸಿ ಹಚ್ಚುವುದು, ಅಷ್ಟೇ. ಇದರ ಎದುರಿಗೆ ಇಡಬಹುದಾದ ದಾರಿಗಳು ನಾಲ್ಕು. ಅದೇ ಪೇಸ್ಟನ್ನು ಮನೆಯಲ್ಲಿ ಮಾಡಿಕೊಳ್ಳುವುದು, ಮೇಣವಿಲ್ಲದೆ ದಪ್ಪ ತೈಲವರ್ಣದಲ್ಲಿ ಕೆಲಸ ಮಾಡುವುದು, ಅಕ್ರಿಲಿಕ್ಕಿಗೆ ಜೆಲ್ ಬೆರೆಸುವುದು, ಕಾಯಿಸಿದ ಮೇಣದಲ್ಲೇ ಚಿತ್ರ ಮಾಡುವುದು.

ತೂಗುವ ಮುನ್ನ

ಮೊದಲ ಮಾನದಂಡ, ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ದೊಡ್ಡದು: ಹಚ್ಚಿದ ಬಣ್ಣ ಎಷ್ಟು ಹೊತ್ತು ತೆಗೆಯಲು ಬಿಡುತ್ತದೆ, ತೆಗೆದಾಗ ಕೆಳಗೆ ಏನು ಸಿಗುತ್ತದೆ? ಇಂಥ ಭಾವಚಿತ್ರದಲ್ಲಿ ಕಣ್ಣು, ಮೂಗು, ತುಟಿಯನ್ನು ಮೊದಲು ಸರಿಯಾಗಿ ಬರೆದು ಆಮೇಲೆ ಕೆಡಿಸುವುದರಿಂದ ಹುಟ್ಟುವುದು ಬರೀ ಅಲಂಕಾರ. ನಿಜವಾದ ಕೆಲಸ ನಡೆಯುವುದು ಮೂರು ನಾಲ್ಕು ಪದರ ಹಾಕಿದ ಮೇಲೆ, ಬ್ಲೇಡು ಹಿಡಿದು ಹಿಂದಕ್ಕೆ ಹೋಗುವಾಗ. ಎಲ್ಲಿ ನಿಲ್ಲಿಸಬೇಕೆಂದು ಮಾಧ್ಯಮವೂ ಸ್ವಲ್ಪ ಹೇಳಬೇಕು. ಒಂದು ತಾಸಿನಲ್ಲಿ ಕಲ್ಲಾಗುವ ಬಣ್ಣ ಆ ಮಾತು ಆಡುವುದಿಲ್ಲ. ವಾರವಾದರೂ ಹಸಿಯಾಗಿಯೇ ಉಳಿಯುವ ಬಣ್ಣ ಮಾತಾಡುತ್ತದೆ, ಆದರೆ ಎಲ್ಲ ಪದರವೂ ಒಟ್ಟಿಗೆ ಮಾತಾಡಿ ಕೆಸರಾಗುತ್ತದೆ.

ಇದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ಪ್ರಶ್ನೆ: ಆ ವ್ಯಕ್ತಿಯ ಹೋಲಿಕೆ ನಿಮ್ಮ ಚಿತ್ರದಲ್ಲಿ ಎಲ್ಲಿ ನಿಲ್ಲುತ್ತದೆ? ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಲ್ಲಿ ಹಳದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತು ನೋಡಿ. (ಅದು ತೈಲವರ್ಣವಲ್ಲ, ಜಲವರ್ಣ, ರವಿವರ್ಮನದೂ ಅಲ್ಲ. ಎರಡನ್ನೂ ನಂಬದವರು ಪ್ರತಿ ಭೇಟಿಯಲ್ಲೂ ಸಿಗುತ್ತಾರೆ.) ರೆಪ್ಪೆ, ಹುಬ್ಬು, ಸೀರೆಯ ನೆರಿಗೆ ಎಲ್ಲ ಮಸುಕಾಗುತ್ತವೆ, ಆದರೂ ಮುಖ ಹೋಗುವುದಿಲ್ಲ. ಬೆಳಕು ಬಿದ್ದ ಭಾಗಕ್ಕೂ ನೆರಳಿಗೂ ನಡುವಿನ ಗಡಿ ಅದನ್ನು ಹಿಡಿದಿಟ್ಟಿದೆ. ನೀವು ಬರೆಯಲಿರುವ ಅಜ್ಜಿಯ ಹೋಲಿಕೆಯೂ ಹಾಗೆ ಕಣ್ಣುಗುಳಿಯ ಕತ್ತಲು, ಕತ್ತು ವಾಲಿರುವ ಬಗೆ, ಹಣೆಗೂ ಗಲ್ಲಕ್ಕೂ ಇರುವ ಅಳತೆಗಳಲ್ಲಿ ಇದೆಯೆಂದಾದರೆ ಮೇಣ ನಿಮಗೆ ಒದಗುತ್ತದೆ. ಮೂಗುತಿಯ ಹರಳಿನಲ್ಲೂ ಹುಬ್ಬಿನ ಒಂದು ಸಣ್ಣ ಗೆರೆಯಲ್ಲೂ ಇದೆಯೆಂದಾದರೆ ಒದಗುವುದಿಲ್ಲ. ಅಷ್ಟು ಸಣ್ಣ ಗೆರೆ ಈ ಪೇಸ್ಟಿಗೆ ಒಗ್ಗುವುದಿಲ್ಲ. ಒಂದು ಎಚ್ಚರಿಕೆ: ತಾತನ ಚಿತ್ರಕ್ಕೆ ಮೈಸೂರು ಪೇಟ ತೊಡಿಸಿಬಿಟ್ಟರೆ ನೋಡಿದವರೆಲ್ಲ ‘ಮೈಸೂರಿನವರು’ ಎಂದು ಗುರುತಿಸುತ್ತಾರೆ, ನಿಮ್ಮ ತಾತನನ್ನಲ್ಲ.

ಎರಡನೆಯದು ಗಾಳಿ ಮತ್ತು ಬೆಂಕಿ. ಮೇಣದ ಪೇಸ್ಟಿನಲ್ಲಿ ದ್ರಾವಕ ಇದ್ದೇ ಇರುತ್ತದೆ. ‘ವಾಸನೆಯಿಲ್ಲದ್ದು’ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಆವಿ ಹೊರಡುತ್ತದೆ. ಟರ್ಪೆಂಟೈನ್ ಎಂಬ ದ್ರಾವಕದ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳಲು ಬೇಕಾದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ ಮೈಸೂರಿನ ಗಾಳಿಯೇ ಆ ಮಟ್ಟ ಮುಟ್ಟುತ್ತದೆ, ಮಂಡ್ಯದಲ್ಲಿ ಸಲೀಸಾಗಿ ದಾಟುತ್ತದೆ. ದೇವರ ದೀಪ ಉರಿಯುವ ಕೋಣೆಯಲ್ಲೋ ಅಡುಗೆಮನೆಯ ಪಕ್ಕದ ಮೂಲೆಯಲ್ಲೋ ನಿಮ್ಮ ಕೆಲಸದ ಮೇಜು ಇದ್ದರೆ ಮಾಧ್ಯಮ ಆರಿಸುವ ಮುನ್ನ ಮೇಜಿನ ಜಾಗ ಬದಲಿಸಿ.

ಮೂರನೆಯದು ಬಾಳಿಕೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಆದರೆ ಮೆದುವಾಗಲು ಅಷ್ಟು ಬಿಸಿ ಬೇಕಿಲ್ಲ. 35 ಡಿಗ್ರಿಯ ಸುತ್ತಮುತ್ತಲೇ ಬೆರಳಿಗೆ ಬಗ್ಗುತ್ತದೆ. ತೈಲವರ್ಣದೊಂದಿಗೆ ಬೆರೆತು ತಿಂಗಳುಗಟ್ಟಲೆ ಗಟ್ಟಿಯಾದ ಪದರ ಬರಿಯ ಮೇಣದಷ್ಟು ಸೂಕ್ಷ್ಮವಲ್ಲ. ಆದರೂ ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆ, ಶೀಟು ಹೊದಿಸಿದ ಮಹಡಿ ಕೋಣೆ, ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರು, ಈ ಮೂರೂ ಇಂಥ ಚಿತ್ರಕ್ಕೆ ಆಗದ ಜಾಗಗಳು.

ಉಳಿದದ್ದು ದುಡ್ಡು ಮತ್ತು ಸಮಯ. ಅವನ್ನು ಆಯಾ ದಾರಿಯ ಜೊತೆಗೇ ನೋಡುವುದು ಮೇಲು.

ಡಬ್ಬಿಯಲ್ಲಿ ಬರುವ ಕೋಲ್ಡ್ ವ್ಯಾಕ್ಸ್

ಗ್ಯಾಂಬ್ಲಿನ್, ಡಾರ್ಲ್ಯಾಂಡ್ಸ್ ಎಂಬ ಎರಡು ಅಮೆರಿಕದ ಹೆಸರುಗಳು ಹೆಚ್ಚು ಕಾಣಸಿಗುತ್ತವೆ. ಗ್ಯಾಂಬ್ಲಿನ್‌ನದರಲ್ಲಿ ಸಹಜವಾಗಿಯೇ ಬಿಳಿಯಾದ ಜೇನುಮೇಣ, ವಾಸನೆ ಕಡಿಮೆಯಿರುವ ಖನಿಜ ದ್ರಾವಕ, ಬೇಗ ಒಣಗುವ ಆಲ್ಕಿಡ್ ಎಂಬ ಕೃತಕ ರಾಳ ತುಸು ಇರುತ್ತವೆ. ಸಣ್ಣ ಡಬ್ಬಿಯಲ್ಲಿ 118 ಮಿಲಿಲೀಟರ್, ದೊಡ್ಡದರಲ್ಲಿ 473.

ಬೆಲೆಯ ಲೆಕ್ಕವನ್ನು ಡಬ್ಬಿಯಿಂದಲ್ಲ, ಚಿತ್ರದಿಂದ ಹಾಕಬೇಕು. 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಹಲಗೆಯ ಮೇಲೆ ಪದರಗಳೆಲ್ಲ ಸೇರಿ ಸರಾಸರಿ ಒಂದು ಮಿಲಿಮೀಟರ್ ದಪ್ಪ ಬಂದರೆ, ಒಟ್ಟು 120 ಮಿಲಿಲೀಟರ್ ಮಿಶ್ರಣ ಬೇಕು. ಸಮಪಾಲು ಬೆರೆಸಿದರೆ ಅದರಲ್ಲಿ ಮೇಣ 60, ಬಣ್ಣ 60. ಅಂದರೆ ಸಣ್ಣ ಡಬ್ಬಿಯೊಂದು ಇಂಥ ಎರಡು ಮುಖಗಳಿಗೆ ಸಾಲದೆ ಸಾಲದೆ ಸಾಲುತ್ತದೆ. ಒಂದೊಂದು ಮುಖಕ್ಕೆ 20 ಮಿಲಿಲೀಟರಿನ ಮೂರು ಟ್ಯೂಬು ಬಣ್ಣವೂ ಖರ್ಚಾಗುತ್ತದೆ. ಹೆರೆದು ತೆಗೆದದ್ದು ಇದರಲ್ಲಿ ಸೇರಿಲ್ಲ, ಮತ್ತು ಈ ಕೆಲಸದಲ್ಲಿ ಹೆರೆದು ತೆಗೆಯುವುದೇ ಬಹಳ. ಹೆರೆದ ಗಸಿಯನ್ನು ಎಸೆಯಬೇಡಿ. ಎಲ್ಲ ಬಣ್ಣವೂ ಕಲೆತು ಹುಟ್ಟುವ ಆ ಬೂದು ಮುಂದಿನ ಚಿತ್ರದ ಮೊದಲ ಪದರಕ್ಕೆ ಹೇಳಿ ಮಾಡಿಸಿದ್ದು; ಅಂಗಡಿಯಲ್ಲಿ ಅಂಥ ಬೂದು ಸಿಗುವುದಿಲ್ಲ.

ಇಷ್ಟು ಕೊಟ್ಟದ್ದಕ್ಕೆ ಏನು ಬರುತ್ತದೆ? ತೆಗೆಯಲು ಬೇಕಾದ ಸಮಯ ಬರುತ್ತದೆ. ತೈಲವರ್ಣ ಗಟ್ಟಿಯಾಗುವುದು ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡುವುದರಿಂದ, ನಿಧಾನವಾಗಿ. ಮೇಣದ ಪೇಸ್ಟ್ ಗಟ್ಟಿಯಾಗುವುದು ದ್ರಾವಕ ಆರಿಹೋಗುವುದರಿಂದ, ಬೇಗ. ಎರಡೂ ಸೇರಿದಾಗ ನಡುವೆ ಒಂದು ಹದ ಹುಟ್ಟುತ್ತದೆ. ಹಚ್ಚಿದ ದಿನ ಬಣ್ಣ ಜಾರುತ್ತದೆ, ಒರೆಸಿದರೆ ಪೂರ್ತಿ ಹೋಗುತ್ತದೆ. ಒಂದೆರಡು ದಿನ ಕಳೆದರೆ ಮೇಲ್ಮೈ ಅಂಟು ಬಿಟ್ಟು, ಒಳಗೆ ಮಾತ್ರ ಮೆದುವಾಗಿರುತ್ತದೆ. ಆಗ ಪುಟ್ಟಿ ಬ್ಲೇಡು ಎಳೆದರೆ ಮೇಲಿನ ಪದರವಷ್ಟೇ ಸುರುಳಿಯಾಗಿ ಎದ್ದು, ಕೆಳಗಿನದು ತನ್ನ ಗೀರುಗಳ ಸಮೇತ ಕಾಣುತ್ತದೆ. ಭಾವಚಿತ್ರಕ್ಕೆ ಬೇಕಾದದ್ದು ಈ ಹದ. ಹಣೆಯ ಭಾಗದಲ್ಲಿ ಮೊದಲು ಕಡುಗೆಂಪು ಹಾಕಿ, ಅದರ ಮೇಲೆ ಮೈಬಣ್ಣದ ಎರಡು ಪದರ ಹೊದಿಸಿ, ಕಣ್ಣಿನ ಗೂಡಿನ ಅಂಚಿನಲ್ಲಿ ಮಾತ್ರ ಕೆಂಪಿನವರೆಗೆ ಹೆರೆದರೆ ಆ ಕಣ್ಣಿಗೆ ಬರುವ ಬಿಸಿಯನ್ನು ಕುಂಚದಿಂದ ಮೇಲೆ ಹಚ್ಚಿ ತರುವುದು ಕಷ್ಟ. ಚಳಿ ಮತ್ತು ಮಳೆಗಾಲದಲ್ಲಿ ಈ ಹದ ಬರಲು ಹೆಚ್ಚು ಕಾಯಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗ್ಗೆ ಹಚ್ಚಿದ್ದನ್ನು ಸಂಜೆಯೇ ಮುಟ್ಟಿ ನೋಡುತ್ತಿರಬೇಕು. ಬಿಳಿಗಳಲ್ಲಿ ಟೈಟೇನಿಯಂ ಸಾವಕಾಶ, ಅಂಬರ್ ಮಣ್ಣಿನ ಬಣ್ಣಗಳು ಚುರುಕು. ಹಾಗಾಗಿ ಒಂದೇ ಕೆನ್ನೆಯ ಬೆಳಕೂ ನೆರಳೂ ಬೇರೆ ಬೇರೆ ದಿನ ಹದಕ್ಕೆ ಬರುತ್ತವೆ.

ಇನ್ನೊಂದು ಲಾಭ ಮೆರುಗಿಲ್ಲದ ಮೈ. ಎದುರಿನ ಕಿಟಕಿ ಚಿತ್ರದಲ್ಲಿ ಹೊಳೆಯುವುದಿಲ್ಲ. ಮೇಣ ಸೇರಿದ್ದರಿಂದ ಬಣ್ಣ ತುಸು ಪಾರದರ್ಶಕವೂ ಆಗುತ್ತದೆ, ತೆಳು ಪದರದಲ್ಲಿ ಚರ್ಮದ ಕೆಳಗಿನ ಬಣ್ಣ ಕಂಡಂತಿರುತ್ತದೆ. ನಷ್ಟಗಳೂ ಇವೆ. ಬಣ್ಣದ ಕಡುಪು ಇಳಿಯುತ್ತದೆ. ಕಪ್ಪು ನಿಜವಾದ ಕಪ್ಪಾಗುವುದಿಲ್ಲ. ಮೇಲ್ಮೈ ವರ್ಷಗಳವರೆಗೂ ದ್ರಾವಕಕ್ಕೆ ಮೆದುವಾಗಬಲ್ಲದು, ಆದ್ದರಿಂದ ಮಾಮೂಲಿ ವಾರ್ನಿಷ್ ಹಚ್ಚುವಂತಿಲ್ಲ. ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿ ತುಸು ಹೊಳಪು ತರಬಹುದು, ಅಷ್ಟೇ. ಧೂಳು ಕೂತರೆ ಒಣ ಕುಂಚವೇ ಗತಿ.

ಸಲಕರಣೆಗೆ ಮಾತ್ರ ದುಡ್ಡು ಸುರಿಯಬೇಡಿ. ಹಾರ್ಡ್‌ವೇರ್ ಅಂಗಡಿಯ ಪುಟ್ಟಿ ಬ್ಲೇಡು, ಅವಧಿ ಮುಗಿದ ಎಟಿಎಂ ಕಾರ್ಡು, ಸ್ಕ್ರೀನ್ ಪ್ರಿಂಟಿಂಗ್‌ನವರು ಬಳಸುವ ರಬ್ಬರ್ ಪಟ್ಟಿ, ಬಟರ್ ಪೇಪರ್ ಸಾಕು. ಬಟರ್ ಪೇಪರನ್ನು ಹಸಿ ಪದರದ ಮೇಲಿಟ್ಟು ಒತ್ತಿ ಎತ್ತಿದರೆ ಮೈಚರ್ಮದ ರಂಧ್ರಗಳಂಥ ಜಾಳು ಉಳಿಯುತ್ತದೆ. ‘ಕೋಲ್ಡ್ ವ್ಯಾಕ್ಸಿಗೆಂದೇ’ ಮಾಡಿದ ಸಾಧನಗಳ ಪೆಟ್ಟಿಗೆ ನೋಡಲು ಚೆನ್ನ.

ಮನೆಯಲ್ಲಿ ಕಾಸಿದ ಪೇಸ್ಟ್

ಕೊಡಗೂ ಬಿಳಿಗಿರಿರಂಗನ ಬೆಟ್ಟವೂ ಪಕ್ಕದಲ್ಲಿರುವ ಊರಿನವರು ಜೇನುಮೇಣವನ್ನು ಅಮೆರಿಕದಿಂದ ತರಿಸುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 100 ಗ್ರಾಂ ಮೇಣಕ್ಕೆ ಸುಮಾರು 250 ಮಿಲಿಲೀಟರ್ ದ್ರಾವಕ ಎಂಬ ಲೆಕ್ಕ ಹಿಡಿದರೆ ಕೆಲಸಕ್ಕೆ ಬರುವ ಪೇಸ್ಟ್ ಆಗುತ್ತದೆ. ಗಟ್ಟಿ ಬೇಕೆಂದರೆ ದ್ರಾವಕ ಇಳಿಸಬೇಕು. ಒಂದೇ ಸಲಕ್ಕೆ ಎರಡು ಸಣ್ಣ ಡಬ್ಬಿಗೂ ಮೀರಿದಷ್ಟು ಸಿಗುತ್ತದೆ, ಖರ್ಚು ಅದರ ಒಂದು ಭಾಗ ಮಾತ್ರ.

ಕಾಸುವ ಬಗೆಯಲ್ಲಿ ರಾಜಿ ಇಲ್ಲ. ಮೇಣವನ್ನು ನೇರ ಉರಿಯ ಮೇಲಲ್ಲ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ಗ್ಯಾಸ್ ಒಲೆಗಿಂತ ಕರೆಂಟಿನ ಹಾಟ್ ಪ್ಲೇಟು ಮೇಲು. ಕರಗಿದ ಮೇಲೆ ಒಲೆ ಆರಿಸಿ, ಪಾತ್ರೆಯನ್ನು ಮನೆಯ ಹೊರಗೆ, ಯಾವ ಕಿಡಿಯೂ ಇಲ್ಲದ ಜಾಗಕ್ಕೆ ಒಯ್ದು, ಅಲ್ಲಿ ದ್ರಾವಕವನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಕಲಕಬೇಕು. ದ್ರಾವಕ ಸೇರಿದ ಮೇಣವನ್ನು ಮತ್ತೆ ಕಾಯಿಸುವಂತಿಲ್ಲ, ಗಟ್ಟಿಯಾಯಿತೆಂದು ಕೂಡ. ಆ ಪಾತ್ರೆ ಮತ್ತೆ ಅಡುಗೆಗೆ ಬರಕೂಡದು. ಇದನ್ನು ಓದುವಾಗಲೇ ರಗಳೆ ಅನ್ನಿಸಿದರೆ ಡಬ್ಬಿ ಕೊಳ್ಳಿ. ಉಳಿಸಿದ ದುಡ್ಡಿಗಿಂತ ಆ ನೆಮ್ಮದಿ ದೊಡ್ಡದು.

ಮೇಣದ ಗುಣದಲ್ಲೂ ಏರುಪೇರು ಇದೆ. ಊರಿನ ಮೇಣ ಹಳದಿ, ಕೆಲವೊಮ್ಮೆ ಕಂದು. ಜೇನು ಮತ್ತು ಕಸ ಉಳಿದಿದ್ದರೆ ನೀರಿನಲ್ಲಿ ಕರಗಿಸಿ, ಆರಿಸಿ, ತಳದಲ್ಲಿ ಕೂತ ಕೊಳೆಯನ್ನು ಹೆರೆದು ತೆಗೆಯಬೇಕು. ಆ ಹಳದಿ ನೀಲಿಯನ್ನು ಹಸಿರಿನ ಕಡೆಗೆ, ಬಿಳಿಯನ್ನು ದಂತದ ಕಡೆಗೆ ಎಳೆಯುತ್ತದೆ. ನಮ್ಮ ಕಡೆಯ ಮೈಬಣ್ಣಗಳಿಗೆ, ಅಂದರೆ ಹಳದಿ, ಕಂದು ಮಣ್ಣಿನ ಬಣ್ಣಗಳಾದ ಓಕರ್, ಸಿಯೆನ್ನಾ, ಅಂಬರ್‌ಗಳಿಗೆ, ಇದರಿಂದ ತೊಂದರೆಯಿಲ್ಲ. ಒಂದು ರೀತಿಯಲ್ಲಿ ಉಪಕಾರವೇ. ತಣ್ಣನೆಯ ಬೂದು, ತಿಳಿನೀಲಿ, ಶುದ್ಧ ಬಿಳಿಯ ಹಿನ್ನೆಲೆ ನಿಮ್ಮ ಶೈಲಿಯಾದರೆ ಬಿಳುಪು ಮಾಡಿದ ಮೇಣವೇ ಬೇಕು. ಪ್ಯಾರಾಫಿನ್ ಬೆರೆಸಿ ಮಾರುವವರೂ ಇರುತ್ತಾರೆ. ಜೇನು ತೆಗೆಯುವವರಿಂದಲೇ, ಜೇನಿನ ವಾಸನೆ ಇನ್ನೂ ಉಳಿದಿರುವ ಗಡ್ಡೆಯನ್ನೇ ಕೊಳ್ಳುವುದು ಜಾಣತನ.

ಬರಿಯ ತೈಲವರ್ಣ

ಮೇಣವಿಲ್ಲದೆ ಹೆರೆದು ಕೆಲಸ ಮಾಡಿದವರಲ್ಲಿ ದೊಡ್ಡ ಹೆಸರು ಲಂಡನ್ನಿನ ಫ್ರಾಂಕ್ ಅವರ್‌ಬಾಕ್ (1931–2024). ಅದೇ ಕೆಲವು ಮಂದಿಯನ್ನು ವರ್ಷಗಟ್ಟಲೆ ಎದುರಿಗೆ ಕೂರಿಸಿಕೊಂಡು, ದಿನದ ಕೆಲಸ ಒಪ್ಪಿಗೆಯಾಗದಿದ್ದರೆ ಹಸಿ ಬಣ್ಣವನ್ನೆಲ್ಲ ಹೆರೆದುಹಾಕಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಬರಿಯ ತೈಲವರ್ಣ ಕಲಿಸುವ ಪಾಠ ಅದೇ: ಹಸಿಯಿದ್ದಾಗ ಪೂರ್ತಿ ತೆಗೆ, ಉಳಿದ ಮಸುಕಿನ ಮೇಲೆ ಹೊಸದಾಗಿ ಕಟ್ಟು. ಪದರ ಪದರವಾಗಿ ಹಿಂದಕ್ಕೆ ಹೋಗುವ ಸೌಕರ್ಯ ಇಲ್ಲಿಲ್ಲ. ದಪ್ಪ ತೈಲವರ್ಣದ ಮೇಲೆ ಚರ್ಮ ಕಟ್ಟುತ್ತದೆ, ಒಳಗೆ ಹಸಿ ಉಳಿಯುತ್ತದೆ. ಬ್ಲೇಡು ಇಟ್ಟರೆ ಚರ್ಮ ಹರಿದು ಕೆಳಗಿನದೆಲ್ಲ ಮೇಲೆ ಬರುತ್ತದೆ.

ಆದರೆ ಬಣ್ಣದ ಕಡುಪು ಮತ್ತು ಗೆರೆಯ ಚುರುಕು ಬೇಕಾದವರಿಗೆ ಇದಕ್ಕೆ ಸಾಟಿಯಿಲ್ಲ. ಗೋವಾ ಮೂಲದ ಚಿತ್ರಕಾರ ಎಫ್. ಎನ್. ಸೋಜಾ ಬರೆದ ತಲೆಗಳನ್ನು ನೋಡಿ. ಕಪ್ಪು ಗೆರೆಯೇ ಮುಖವಾಗಿ, ಕಣ್ಣುಗಳು ಹಣೆಗೇರಿ ಕೂತಿರುತ್ತವೆ. ಅಂಥ ಗೆರೆಯನ್ನು ಮೇಣ ಮೊಂಡು ಮಾಡಿಬಿಡುತ್ತದೆ. ಕಾಯುವುದು ಕಷ್ಟವೆನಿಸಿದರೆ ಲಿಕ್ವಿನ್‌ನಂಥ ಆಲ್ಕಿಡ್ ಮಾಧ್ಯಮವನ್ನು ತುಸು ಬೆರೆಸಿ. ತೆಳು ಪದರ ಒಂದೆರಡು ದಿನದಲ್ಲಿ ಮುಟ್ಟುವಷ್ಟು ಒಣಗುತ್ತದೆ. ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೆಚ್ಚು ಎಂಬ ಹಳೆಯ ನಿಯಮ ಇಲ್ಲಿ ಕಡ್ಡಾಯ. ಖರ್ಚು ಬಣ್ಣದ್ದೇ; ಮೇಣ ತುಂಬುತ್ತಿದ್ದ ಜಾಗವನ್ನೂ ಬಣ್ಣವೇ ತುಂಬಬೇಕಾದ್ದರಿಂದ ದಪ್ಪ ಕೆಲಸಕ್ಕೆ ಇದು ಅಂದುಕೊಂಡಷ್ಟು ಅಗ್ಗವಲ್ಲ. ಮನೆಯಲ್ಲಿ ಕಾಸಿದ ಪೇಸ್ಟಿನೊಂದಿಗೆ ಹೋಲಿಸಿದರೆ ತುಟ್ಟಿಯೇ.

ಒಂದು ಮಾತು ಮೇಣಕ್ಕೂ ಎಣ್ಣೆಗೂ ಸಮ: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿ.

ಅಕ್ರಿಲಿಕ್ ಮತ್ತು ಜೆಲ್

ಕಲಾವಿದರ ನಡುವೆ ಅಕ್ರಿಲಿಕ್ಕನ್ನು ಕೀಳಾಗಿ ನೋಡುವ ಚಾಳಿ ಇದೆ, ನನಗೆ ಅದು ಒಪ್ಪಿಗೆಯಿಲ್ಲ. ದ್ರಾವಕವಿಲ್ಲ, ನೀರಿನಲ್ಲಿ ಕೈ ತೊಳೆಯಬಹುದು, ಕ್ಯಾನ್ವಾಸನ್ನು ಸುರುಳಿ ಸುತ್ತಬಹುದು, ಬಿಸಿಲಿಗೆ ಮೇಣದಷ್ಟು ಅಂಜುವುದಿಲ್ಲ. ಹೆವಿ ಜೆಲ್ ಅಥವಾ ಮಾಡೆಲಿಂಗ್ ಪೇಸ್ಟ್ ಬೆರೆಸಿದರೆ ದಪ್ಪವೂ ಬರುತ್ತದೆ.

ತೊಡಕು ತೆಗೆಯುವುದರಲ್ಲಿ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ತೆಳು ಪದರ ಕೆಲವೇ ನಿಮಿಷದಲ್ಲಿ ಒಣಗಿ ಪ್ಲಾಸ್ಟಿಕ್ ಪೊರೆಯಾಗುತ್ತದೆ. ಅದನ್ನು ಹೆರೆಯಲು ಆಗುವುದಿಲ್ಲ, ಮರಳು ಕಾಗದದಲ್ಲಿ ತಿಕ್ಕಬೇಕು. ತಿಕ್ಕಿದ ಮೇಲೆ ಕಾಣುವ ಕೆಳಪದರಕ್ಕೂ ತನ್ನದೇ ಚೆಲುವಿದೆ, ಸವೆದ ಗೋಡೆಯಲ್ಲಿ ಕಾಣುವ ಬಗೆಯದು. ಆದರೆ ಬ್ಲೇಡು ಎಳೆದಾಗ ಮುಖ ತಿರುಗಿ ನೋಡುವ ಆ ಕ್ಷಣ ಇಲ್ಲಿ ಸಿಗದು. ಒಣಗುವುದನ್ನು ತಡಮಾಡುವ ರಿಟಾರ್ಡರ್ ಸಿಗುತ್ತದೆ. ದಪ್ಪ ಕೆಲಸಕ್ಕೆ ಅದರಿಂದ ದೊಡ್ಡ ಪ್ರಯೋಜನವಿಲ್ಲ.

ಕೈಯಲ್ಲಿ ಕಾಸು ಕಡಿಮೆಯಿರುವವರಿಗೆ ನಾನು ಹೇಳುವುದು ಎರಡನ್ನೂ ಕೂಡಿಸುವ ದಾರಿ. ಕೆಳಗಿನ ಪದರಗಳನ್ನೆಲ್ಲ ಅಕ್ರಿಲಿಕ್ಕಿನಲ್ಲಿ ಮಾಡಿ: ಮುಖದ ದೊಡ್ಡ ಕತ್ತಲು ಬೆಳಕು, ಎದ್ದು ಕಾಣುವ ಒಂದೆರಡು ಬಣ್ಣ, ಬೇಕಾದಷ್ಟು ಗೀರು. ಅದು ಪೂರ್ತಿ ಒಣಗಿದ ಮೇಲೆ ಮೇಣ ಮತ್ತು ತೈಲವರ್ಣದ ಎರಡೇ ಪದರ. ಈಗ ಎಷ್ಟೇ ಹೆರೆದರೂ ಬ್ಲೇಡು ಅಕ್ರಿಲಿಕ್ ನೆಲಕ್ಕೆ ಬಂದು ನಿಲ್ಲುತ್ತದೆ, ಕಟ್ಟಿದ ಮುಖ ಅಳಿಸಿಹೋಗುವ ಭಯವಿಲ್ಲ. ಮೇಣದ ಖರ್ಚು ಸಾಕಷ್ಟು ಕೆಳಗಿಳಿಯುತ್ತದೆ. ದ್ರಾವಕದ ಬಟ್ಟೆಯಲ್ಲಿ ಒರೆಸುವಾಗ ಮಾತ್ರ ಕೈ ಹಗುರವಾಗಿರಲಿ. ಅಡಿಮೇಲಾಗಿ, ಅಂದರೆ ಮೇಣದ ಮೇಲೆ ಅಕ್ರಿಲಿಕ್ ಹಚ್ಚುವಂತಿಲ್ಲ; ಹಿಡಿಯುವುದಿಲ್ಲ, ಸುಲಿದು ಬರುತ್ತದೆ.

ಬಿಸಿಮೇಣ

ಈಜಿಪ್ಟಿನ ಫಯೂಮ್ ಪ್ರದೇಶದಲ್ಲಿ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಮಮ್ಮಿಗಳ ಮೇಲಿಡಲು ಮರದ ಹಲಗೆಗಳಲ್ಲಿ ಬರೆದ ಮುಖಗಳಲ್ಲಿ ಹಲವು ಮೇಣದ್ದೇ. ಸುಮಾರು ಎರಡು ಸಾವಿರ ವರ್ಷದ ಮೇಲೂ ಅವರ ಕಣ್ಣು ನಮ್ಮನ್ನು ಬಿಡದೆ ನೋಡುತ್ತದೆ. ಬಿಸಿಮೇಣದ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಅವು ಉಳಿದದ್ದು ಒಣ ಮರಳಿನಡಿಯ ಸಮಾಧಿಗಳಲ್ಲಿ, ಮಂಡ್ಯದ ಶೀಟು ಮನೆಯ ಗೋಡೆಯ ಮೇಲಲ್ಲ. ಈ ದಾರಿಯಲ್ಲಿ ಮೇಣ ಮತ್ತು ರಾಳವನ್ನು ಕಾಯಿಸಿ ಬಣ್ಣ ಬೆರೆಸಬೇಕು, ಹಚ್ಚಿದ ಪ್ರತಿ ಪದರವನ್ನೂ ಹೀಟ್ ಗನ್ನಿನಿಂದ ಬಿಸಿ ಮಾಡಿ ಕೆಳಗಿನದಕ್ಕೆ ಬೆಸೆಯಬೇಕು, ಉಷ್ಣತೆ ಸುಮಾರು 90 ಡಿಗ್ರಿ ಮೀರದಂತೆ ಕಾಯಬೇಕು. ಮೀರಿದರೆ ಹೊಗೆ ಗಂಟಲಿಗೆ ಕೆಟ್ಟದ್ದು. ತೆಗೆಯುವ ಸೌಕರ್ಯ ಚೆನ್ನಾಗಿಯೇ ಇದೆ, ತಣಿದ ತಕ್ಷಣ ಹೆರೆಯಬಹುದು. ಆದರೂ ಬೇರೆ ಕೆಲಸದ ಕೋಣೆ, ಒಳ್ಳೆಯ ಎಕ್ಸಾಸ್ಟ್ ಫ್ಯಾನ್, ನಂಬಿಕೆಗೆ ಅರ್ಹವಾದ ಕರೆಂಟು ಇಲ್ಲದವರಿಗೆ ಇದನ್ನು ನಾನು ಹೇಳುವುದಿಲ್ಲ.

ಹಲಗೆಯೋ, ಕ್ಯಾನ್ವಾಸೋ, ಕಾಗದವೋ

ಮೇಣ ಬಗ್ಗುವ ಮೈಯನ್ನು ಸಹಿಸುವುದಿಲ್ಲ. ಎಳೆದು ಕಟ್ಟಿದ ಕ್ಯಾನ್ವಾಸಿನ ಮೇಲೆ ಮಾಡುವುದಾದರೆ ಮಿಶ್ರಣದಲ್ಲಿ ಮೇಣ ಮೂರನೇ ಒಂದು ಪಾಲು ಮೀರದಿರಲಿ, ಪದರವೂ ತೆಳುವಾಗಿರಲಿ. ಅದಕ್ಕಿಂತ ಹೆಚ್ಚು ಬೇಕೆಂದರೆ ಹಲಗೆಗೆ ಹೋಗಿ. ಪ್ಲೈವುಡ್ ಅಂಗಡಿಯಲ್ಲಿ 6 ಮಿಲಿಮೀಟರ್ ಹಾಳೆಯನ್ನು ನಿಮ್ಮ ಅಳತೆಗೆ ಕತ್ತರಿಸಿ ಕೊಡುತ್ತಾರೆ. ತುಂಡು ಬಿದ್ದವನ್ನು ಕೇಳಿದರೆ ಇನ್ನೂ ಅಗ್ಗ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ನುಣುಪು, ಆದರೆ ಅಂಚು ಮುಚ್ಚದಿದ್ದರೆ ಜೂನ್, ಜುಲೈ ತೇವಕ್ಕೆ ಉಬ್ಬುತ್ತದೆ. ಯಾವುದೇ ಹಲಗೆಗೆ ಹಿಂದೂ ಮುಂದೂ ಎರಡು ಮೂರು ಸಲ ಅಕ್ರಿಲಿಕ್ ಗೆಸ್ಸೋ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ಲೇಪ) ಬಳಿಯಿರಿ. ಒಂದೇ ಬದಿಗೆ ಬಳಿದರೆ ಬಾಗುತ್ತದೆ.

ಅಭ್ಯಾಸಕ್ಕೆ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣದ ಕಾಗದಕ್ಕೆ ಗೆಸ್ಸೋ ಬಳಿದದ್ದು ಬಹಳ ಚೆನ್ನ. ಹಲಗೆಗೆ ನಾಲ್ಕೂ ಕಡೆ ಟೇಪು ಹಚ್ಚಿ ಬಿಗಿದು ಕೆಲಸ ಮಾಡಿ, ಚೆನ್ನಾಗಿ ಬಂದದ್ದನ್ನು ಆಮೇಲೆ ಹಲಗೆಗೇ ಅಂಟಿಸಬಹುದು. ಗಾಜಿನ ಚೌಕಟ್ಟು ಹಾಕಿಸುವುದಾದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಅಂತರ ಬಿಡಲು ಚೌಕಟ್ಟಿನವರಿಗೆ ಮೊದಲೇ ಹೇಳಿ.

ಯಾರಿಗೆ ಯಾವುದು

ಕಲಾಶಾಲೆಯ ವಿದ್ಯಾರ್ಥಿಗೆ, ತಿಂಗಳ ಖರ್ಚಿನಲ್ಲಿ ಬಸ್ ಪಾಸೂ ಬಣ್ಣವೂ ಸೇರಿರುವವರಿಗೆ, ನನ್ನ ಉತ್ತರ ಗೆಸ್ಸೋ ಬಳಿದ ಕಾಗದ, ಅಕ್ರಿಲಿಕ್ ಕೆಳಪದರ, ಮೇಲೆ ಮೇಣದ ಎರಡು ಪದರ. ಮೇಣವನ್ನು ಸಹಪಾಠಿಗಳ ಜೊತೆ ಸೇರಿ ಒಂದು ಸಲ ಬಯಲಿನಲ್ಲಿ ಕಾಸಿ ಹಂಚಿಕೊಳ್ಳಿ. ಬಣ್ಣ ಮೂರೇ ಇರಲಿ: ಬಿಳಿ, ಬರ್ನ್ಟ್ ಅಂಬರ್ (ಕಡುಗಂದು), ಅಲ್ಟ್ರಾಮರೀನ್ (ಕಡುನೀಲಿ). ನಾಲ್ಕನೆಯದು ಕೊಳ್ಳುವ ಮುನ್ನ ಈ ಮೂರರಲ್ಲಿ ಒಂದೇ ಮುಖವನ್ನು ಹಲವು ಬಾರಿ ಮಾಡಿ.

ನಿವೃತ್ತಿಯಾಗಿ, ಸಮಯವೂ ಸ್ವಲ್ಪ ದುಡ್ಡೂ ಇದ್ದು, ಗಾಳಿಯಾಡುವ ವರಾಂಡವೊಂದು ಇರುವವರು ಡಬ್ಬಿಯ ಕೋಲ್ಡ್ ವ್ಯಾಕ್ಸ್ ಕೊಳ್ಳಲಿ, ದೊಡ್ಡದನ್ನೇ. ಈ ಮಾಧ್ಯಮ ಕೇಳುವುದು ತಾಳ್ಮೆಯನ್ನು, ಒಂದೇ ಬಾರಿಗೆ ನಾಲ್ಕೈದು ಹಲಗೆಗಳನ್ನು ನಡೆಸುವ ಅವಕಾಶವನ್ನು. ಒಂದು ಹದಕ್ಕೆ ಬರುವವರೆಗೆ ಇನ್ನೊಂದರ ಮೇಲೆ ಕೈಯಿಡಬಹುದು.

ಮದುವೆಯ ವಾರ್ಷಿಕೋತ್ಸವಕ್ಕೋ ಗೃಹಪ್ರವೇಶಕ್ಕೋ ಗೊತ್ತಾದ ದಿನಕ್ಕೆ ಚಿತ್ರ ಒಪ್ಪಿಸಬೇಕಾದವರು, ಬೆಂಗಳೂರಿಗೆ ಕಾರಿನಲ್ಲಿ ಕಳಿಸಬೇಕಾದವರು ಮೇಣದ ಸಹವಾಸಕ್ಕೆ ಹೋಗಬೇಡಿ. ಆಲ್ಕಿಡ್ ಬೆರೆಸಿದ ತೈಲವರ್ಣ ಅಥವಾ ಅಕ್ರಿಲಿಕ್. ಕೊಳ್ಳುವವರು ‘ಹೊಳೆಯಬೇಕು’ ಎಂದಿದ್ದರಂತೂ ಪ್ರಶ್ನೆಯೇ ಇಲ್ಲ.

ಎಳೆಯ ಮಕ್ಕಳಿರುವ ಎರಡು ಕೋಣೆಯ ಮನೆಯಲ್ಲಿ, ರಾತ್ರಿ ಊಟವಾದ ಮೇಲೆ ಅದೇ ಮೇಜಿನಲ್ಲಿ ಕೆಲಸ ಮಾಡುವವರಿಗೆ ಅಕ್ರಿಲಿಕ್ಕೇ ಸರಿ. ದ್ರಾವಕದ ಆವಿ ಮಗುವಿನ ಕೋಣೆಗೆ ಹೋಗುವುದನ್ನು ಬಾಗಿಲು ಹಾಕಿ ತಡೆಯಲಾಗದು. ಹೆರೆಯುವ ಆಸೆ ತೀರದಿದ್ದರೆ ಗೆಸ್ಸೋ ಬಳಿದ ಹಲಗೆಯ ಮೇಲೆ ಅಕ್ರಿಲಿಕ್ಕಿನ ದಪ್ಪ ಪದರಗಳನ್ನು ಹಾಕಿ, ಒಣಗಿದ ಮೇಲೆ 220 ನಂಬರಿನ ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ತಿಕ್ಕಿ. ನೀರು ಹಾಕಿ ತಿಕ್ಕಿದರೆ ಬಣ್ಣದ ಪುಡಿ ಗಾಳಿಗೆ ಏಳುವುದಿಲ್ಲ. ಕ್ಯಾಡ್ಮಿಯಂ ಎಂಬ ವಿಷಲೋಹ ಸೇರಿದ ಕೆಂಪು, ಹಳದಿಗಳನ್ನು ಮಾತ್ರ ಈ ಕೆಲಸದಲ್ಲಿ ದೂರವಿಡಿ. ತಿಕ್ಕಿದ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲದೆ ಹಳೆಯ ಬಕೆಟಿನಲ್ಲಿ ಇಟ್ಟು, ಗಸಿ ತಳಕ್ಕೆ ಇಳಿದ ಮೇಲೆ ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ.